ಆ ದನಿಯೊಳಗೆ ಯಾರೂ ಇರಲಿಲ್ಲ

ಅಂಗಿಯ ಮೇಲಿನ ಗುಂಡಿ ಕಾಜಿಗೆ ಕೂರುತ್ತಲೇ ಇಲ್ಲ, ಜಾರುತ್ತದೆ, ಎಮಿಲ್ ಹುಡಾಕನ ಬೆರಳುಗಳಿಗೆ ಇಂಥ ಸಣ್ಣ ಕೆಲಸಗಳು ಒಗ್ಗುವುದಿಲ್ಲ, ಹನ್ನೊಂದು ವರ್ಷ ಅಮೆರಿಕನ್ ಫುಟ್‌ಬಾಲಿನಲ್ಲಿ ಎದುರಾಳಿಗಳ ಹೆಲ್ಮೆಟ್ಟುಗಳಿಗೆ ಸಿಕ್ಕಿ ಮುರಿದು, ತೋಚಿದ ಹಾಗೆ ಕೂಡಿಕೊಂಡ ಬೆರಳುಗಳು, ಗುಂಡಿಯ ಹಿಂದೆ ಡೇನ್ ಪರ್ವಿಸ್‌ನ ಕುತ್ತಿಗೆ, ಸಡಿಲಾದ ಚರ್ಮ, ಕ್ಷೌರದಲ್ಲಿ ತಪ್ಪಿಸಿಕೊಂಡ ನಾಲ್ಕು ಬಿಳಿ ಕೂದಲು, ಉಗುಳು ನುಂಗುವಾಗ ಏರಿ ಇಳಿಯುವ ಗಂಟಲಮಣಿ — ಈ ಗಂಟಲಿನಿಂದಲೇ ಅಲ್ಲವೇ ಆ ದನಿ ಬರುತ್ತಿದ್ದದ್ದು, ಇಷ್ಟೇ ಇಷ್ಟು ಜಾಗದಿಂದ. ಡೇನ್ ಹಾಸಿಗೆಯ ಅಂಚಿನಲ್ಲಿ ಕೂತು, ಅಪರಿಚಿತರನ್ನು ನೋಡುವ ಸೌಜನ್ಯದಿಂದ ಎಮಿಲ್‌ನ ಮುಖ ನೋಡುತ್ತಾನೆ, ನೀವು ಅಂಗಡಿಯೋರಾ, ಅನ್ನುತ್ತಾನೆ, ಕಾಲರ್ ಸ್ವಲ್ಪ ಬಿಗಿ ಆಯ್ತು ಕಣ್ರೀ, ಇನ್ನೊಂದು ಸೈಜ್ ದೊಡ್ಡದಿದ್ರೆ ತೋರಿಸಿ. ಹ್ಞೂಂ ಸಾರ್ ತೋರಿಸ್ತೀನಿ, ಅನ್ನುತ್ತಾನೆ ಎಮಿಲ್, ಗುಂಡಿ ಕೊನೆಗೂ ಒಳಗೆ ಹೋಯಿತು, ಮೊದಲಾದರೆ ದಡಿಯಾ ಅನ್ನುತ್ತಿದ್ದ, ಬಾರೋ ದಡಿಯಾ, ನಿನ್ನ ಬೆನ್ನು ಅಂದ್ರೆ ನಮ್ಮನೆ ಉಗ್ರಾಣದ ಬಾಗಿಲು ಇದ್ದ ಹಾಗೆ, ಅದರ ಹಿಂದೆ ನಿಂತ್ರೆ ನಂಗೆ ನಿದ್ದೆ ಬರತ್ತೆ. ಉಗ್ರಾಣದ ಬಾಗಿಲು. ಅದು ತೆರೆದುಕೊಂಡದ್ದು ಒಂದೇ ಒಂದು ಸಲ. ಕೆಳಗಡೆ ಅಡುಗೆಮನೆಯಲ್ಲಿ ಡೇನ್‌ನ ಹೆಂಡತಿ ಮಾರ್ಲೀನ್ ಯಾವುದೋ ಕಪಾಟನ್ನು ತೆಗೆದು ಮುಚ್ಚುತ್ತಿದ್ದಾಳೆ, ಗಂಡನ ಕಪ್ಪು ಬೂಟು ಸಿಗುತ್ತಿಲ್ಲವಂತೆ, ಹೋದ ವಾರ ಅದು ಫ್ರಿಜ್ಜಿನೊಳಗೆ ಸಿಕ್ಕಿತ್ತಂತೆ, ಬೆಣ್ಣೆಯ ಪಕ್ಕದಲ್ಲಿ.

ಎರಡು ಗಂಟೆಗೆ ಊರ ಶಾಲೆಯ ಮೈದಾನದಲ್ಲಿ ಡೇನ್‌ನ ಪ್ರತಿಮೆಯ ಅನಾವರಣ. ಎದೆಯ ಜೇಬಿನಲ್ಲಿ ಭಾಷಣದ ಕಾಗದ ಇದೆ, ನಾಲ್ಕು ಮಡಿಕೆ, ಬೆವರಿಗೆ ಒದ್ದೆಯಾಗುತ್ತಿದೆ, ನವೆಂಬರಿನ ಈ ಚಳಿಯಲ್ಲಿ ಬೆವರು. ಮೇಯರ್ ಫೋನು ಮಾಡಿದ್ದಳು, ಸಾರ್, ನೀವು ಹನ್ನೊಂದು ವರ್ಷ ಅವರ ಮುಂದೆ ನಿಂತೋರು, ನಿಮ್ಮ ಕಾಲ ಸಂದಿಯಿಂದ ಚೆಂಡು ಹೋಗದೆ ಅವರ ಆಟ ಶುರುವೇ ಆಗ್ತಿರ್ಲಿಲ್ಲ, ಡೇನ್ ಪರ್ವಿಸ್ ಯಾಕೆ ಅಷ್ಟು ದೊಡ್ಡ ಕ್ವಾರ್ಟರ್‌ಬ್ಯಾಕ್ ಆದ್ರು ಅಂತ ಒಂದ್ ನಾಲ್ಕು ನಿಮಿಷ ಹೇಳಿ ಸಾಕು. ನಾಲ್ಕು ನಿಮಿಷ. ಮೂವತ್ತೆಂಟು ವರ್ಷದಿಂದ ಎಲ್ಲರೂ ಅದನ್ನೇ ಕೇಳುತ್ತಾರೆ, ಇಗರ್ಜಿಯ ಮೀನೂಟದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಎಮಿಲ್‌ನ ಹೆಂಡತಿಯ ಅಂತ್ಯಕ್ರಿಯೆಯ ದಿನವೂ ಒಬ್ಬ ಟೋಪಿ ತೆಗೆದು, ಸಂತಾಪ ಹೇಳಿ, ಮರುಕ್ಷಣ ಕೇಳಿದ, ಅಲ್ಲಾ ಎಮಿಲ್, ಆ ಕೊನೇ ಎರಡು ನಿಮಿಷ, ಏಳು ಸಲ ಚೆಂಡು ಕೈಗೆ ಬಂತು, ಆ ಏಳು ಆಟ, ಅವನಿಗೆ ಅದು ಹೆಂಗೆ ಸಾಧ್ಯ ಆಯ್ತು? ಎಮಿಲ್ ಕೊಟ್ಟ ಚೆಂಡನ್ನು ಹಿಂದೆ ನಿಂತು ಹಿಡಿದು ಮುಂದಕ್ಕೆ ಎಸೆಯುವವನು ಕ್ವಾರ್ಟರ್‌ಬ್ಯಾಕ್, ತೋಳು ಅಂತ ಕೋಚ್ ಹೇಳುತ್ತಿದ್ದ, ದೇವರು ಕೊಟ್ಟ ತೋಳು. ತೋಳಿದ್ದವರು ಬೇಕಾದಷ್ಟು ಜನ ಬಂದರು, ಐವತ್ತು ಗಜ ಎಸೆಯುವವರು, ಎಸೆದ ಚೆಂಡು ಶಿಳ್ಳೆ ಹೊಡೆಯುತ್ತಾ ಹೋಗುತ್ತಿತ್ತು, ಎರಡು ಋತು ಕಳೆಯುವಷ್ಟರಲ್ಲಿ ಮನೆಗೆ ಹೋದರು, ಒಬ್ಬ ಈಗ ಕಾರು ಮಾರುತ್ತಾನೆ. ಕಣ್ಣು ಅಂತ ಪತ್ರಿಕೆಯವರು ಬರೆದರು, ಓಡುವವನು ಇರುವ ಜಾಗಕ್ಕಲ್ಲ, ಅವನು ಬರಲಿರುವ ಜಾಗಕ್ಕೆ ಎಸೆಯುತ್ತಾನೆ ಎಂದು. ಅದೂ ನಿಜವೇ ಇರಬೇಕು, ಎಮಿಲ್‌ಗೆ ಗೊತ್ತಿಲ್ಲ, ಎಮಿಲ್ ನೋಡಿಯೇ ಇಲ್ಲ, ಊರೆಲ್ಲಾ ನೋಡಿದ್ದನ್ನು ನೋಡದವನು ಅವನೊಬ್ಬನೇ, ಬಗ್ಗಿ, ಚೆಂಡನ್ನು ಹಿಂದಕ್ಕೆ ಕೊಟ್ಟು, ತಲೆಯೆತ್ತುವಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಕದ ಮನುಷ್ಯನೊಬ್ಬ ಎದೆಯ ಮೇಲೆ ಬಂದು ಬೀಳುತ್ತಿದ್ದ, ಆಮೇಲೆ ಹುಲ್ಲು, ಮಣ್ಣು, ಯಾರದೋ ಬೂಟು, ಮತ್ತು ಜನ ಕಿರುಚಿದ ಸದ್ದು, ಆ ಸದ್ದಿನ ಎತ್ತರದ ಮೇಲೆ ಚೆಂಡು ಎಷ್ಟು ದೂರ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದ. ಅವನಿಗೆ ಗೊತ್ತಿದ್ದದ್ದು ದನಿಯೊಂದೇ. ಬೆನ್ನಿನ ಹಿಂದಿನಿಂದ ಚೆಂಡು ಕೇಳುತ್ತಿದ್ದ ದನಿ, ನೀಲಿ ಮೂವತ್ತೆರಡು, ನೀಲಿ ಮೂವತ್ತೆರಡು, ಹಟ್ — ಎಪ್ಪತ್ತು ಸಾವಿರ ಜನ ಕೂಗುತ್ತಿದ್ದರೂ ಆ ದನಿ ಕೂಗುತ್ತಿರಲಿಲ್ಲ, ಊಟದ ಮೇಜಿನ ಮೇಲೆ ಉಪ್ಪು ಕೊಡಪ್ಪಾ ಅನ್ನುವ ಹಾಗೆ, ಹತ್ತು ಜನ ಗಂಡಸರ ಭಯ ಆ ದನಿ ಕೇಳಿದ ಕೂಡಲೇ ಕೂತುಬಿಡುತ್ತಿತ್ತು.

ತೋಳು ಎತ್ತು ಡೇನ್, ಕೋಟು ಹಾಕ್ತೀನಿ. ಬಲದ ತೋಳು ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಆ ತೋಳು, ಅದನ್ನು ಈಗ ಕಂಚಿನಲ್ಲಿ ಎತ್ತಿ ನಿಲ್ಲಿಸಿದ್ದಾರೆ. ಎಮಿಲ್ ತೋಳನ್ನು ಮಗುವಿನ ತೋಳಿನಂತೆ ಹಿಡಿದು ತೂರಿಸುತ್ತಾನೆ. ನೀವು ತುಂಬಾ ಒಳ್ಳೇವರು, ಅನ್ನುತ್ತಾನೆ ಡೇನ್. ಅಲ್ಲ. ಅಲ್ಲ ಕಣೋ. ಒಳ್ಳೆಯವನು ನೀನು, ನಿನ್ನ ದೊಡ್ಡತನ ತೋಳಿನಲ್ಲೂ ಇರಲಿಲ್ಲ ಕಣ್ಣಿನಲ್ಲೂ ಇರಲಿಲ್ಲ, ಆ ದನಿಯಲ್ಲೂ ಅರ್ಧವೇ, ಇನ್ನರ್ಧ ಎಲ್ಲಿತ್ತು ಎಂದರೆ — ನಾವು ಐದು ಜನ ಮುಂದಿನ ಸಾಲಿನವರು ಯಾರಾದರೂ ಎಡವಿ, ಕೈ ಬಿಟ್ಟು, ನಮ್ಮ ತಪ್ಪಿಗೆ ನೀನು ಏಟು ತಿಂದು ಬೆನ್ನ ಮೇಲೆ ಬಿದ್ದಾಗ, ಎದ್ದು ಬಾಯಿಯ ರಕ್ತ ಉಗಿದು ಮೊದಲು ಹೇಳುತ್ತಿದ್ದ ಮಾತು, ನನ್ ತಪ್ಪು ಕಣ್ರೋ, ಚೆಂಡನ್ನ ತುಂಬಾ ಹೊತ್ತು ಹಿಡ್ಕೊಂಡಿದ್ದೆ. ಪ್ರತಿ ಸಲ. ಕೋಚ್ ಎದುರಿಗೆ, ಪತ್ರಿಕೆಯವರ ಎದುರಿಗೆ, ನನ್ ತಪ್ಪು. ಹಾಗೆ ಅಂದವನಿಗಾಗಿ ಗೋಡೆ ಒಡೆದುಕೊಂಡು ಹೋಗಬಹುದಿತ್ತು, ಹೋದೆವು ಕೂಡ. ಭಾಷಣದಲ್ಲಿ ಇದನ್ನು ಬರೆದಿದ್ದಾನೆ, ಇಷ್ಟನ್ನು ಓದಿ ಕೂತುಬಿಡಬಹುದು, ನಾಲ್ಕು ನಿಮಿಷಕ್ಕೆ ಸರಿಯಾಗುತ್ತದೆ.

ಆದರೆ ಎದುರು ತಂಡದ ಅರವತ್ತಾರನೇ ನಂಬರಿನವನು. ಕಪ್ಪು ಜರ್ಸಿ. ಮೂವತ್ತೆಂಟು ವರ್ಷದ ಹಿಂದಿನ ಡಿಸೆಂಬರ್, ನೆಲ ಹೆಪ್ಪುಗಟ್ಟಿ ಗಾಜಿನಂತಾಗಿತ್ತು, ನಾಲ್ಕು ಅಂಕ ಹಿಂದೆ, ಉಳಿದದ್ದು ಎರಡು ನಿಮಿಷ ಮತ್ತು ಚಿಲ್ಲರೆ ಸೆಕೆಂಡು, ಚೆಂಡು ಕೊಟ್ಟು ಎಮಿಲ್ ಎಡಕ್ಕೆ ಹೆಜ್ಜೆ ಇಟ್ಟ, ಅವನು ಬಲಕ್ಕೆ ಬಂದ. ಅಷ್ಟೇ. ಒಂದು ಹೆಜ್ಜೆ. ಎಮಿಲ್‌ನ ಭುಜಕ್ಕೆ ಅವನ ತೋಳು ಸವರಿದ್ದು ಮಾತ್ರ, ತಿರುಗುವಷ್ಟರಲ್ಲಿ ಆ ಸದ್ದು, ಹಣ್ಣು ಕಲ್ಲಂಗಡಿಯನ್ನು ಮೆಟ್ಟಿಲ ಮೇಲೆ ಹಾಕಿದ ಸದ್ದು, ಡೇನ್‌ನ ತಲೆ ಒಮ್ಮೆ ಅರವತ್ತಾರರ ಹೆಲ್ಮೆಟ್ಟಿಗೆ, ಮತ್ತೊಮ್ಮೆ ನೆಲಕ್ಕೆ. ಎಮಿಲ್ ಕೈಕೊಟ್ಟು ಎತ್ತಿದ. ಎದ್ದ. ನಿಂತ. ನನ್ ತಪ್ಪು ದಡಿಯಾ, ಅಂದ, ಚೆಂಡನ್ನ ತುಂಬಾ ಹೊತ್ತು ಹಿಡ್ಕೊಂಡಿದ್ದೆ. ಅಬ್ಬಾ, ಏನೂ ಆಗಿಲ್ಲ ಎಂದು ಎಮಿಲ್ ಉಸಿರು ಬಿಟ್ಟ, ಆಮೇಲೆ ನೋಡಿದ, ಬಲಗಣ್ಣಿನ ಪಾಪೆ ದೊಡ್ಡದಾಗಿದೆ, ಎಡಗಣ್ಣಿನದು ಸಾಸಿವೆಯಷ್ಟು. ಹತ್ತು ಜನ ತಲೆ ಸೇರಿಸಿ ಸುತ್ತ ನಿಂತರು, ಆಗಿನ ಕಾಲದಲ್ಲಿ ಮುಂದಿನ ಆಟ ಯಾವುದು, ಅಂದರೆ ಚೆಂಡು ಕೊಟ್ಟ ಮೇಲೆ ಯಾರು ಎಲ್ಲಿಗೆ ಓಡಬೇಕು ಎಂದು ಕ್ವಾರ್ಟರ್‌ಬ್ಯಾಕೇ ಹೇಳಬೇಕಿತ್ತು, ಡೇನ್ ಎಮಿಲ್‌ನ ಜರ್ಸಿ ಹಿಡಿದು ಹತ್ತಿರ ಎಳೆದು ಮೆಲ್ಲಗೆ ಅಂದ, ಟೆಡ್ಡಿ, ಇದು ನಿನ್ನ ಮೇಲೆ ಬಿಟ್ಟಿದ್ದೀನಿ, ನದೀ ಕಡೆ ಓಡಿಸೋಣ.

ಟೆಡ್ಡಿ. ಯಾವ ಟೆಡ್ಡಿ? ತಂಡದಲ್ಲಿ ಟೆಡ್ಡಿ ಇರಲಿಲ್ಲ. ಡೇನ್ ಹೈಸ್ಕೂಲಿನಲ್ಲಿ ಆಡುವಾಗ ಈ ಊರಿನ, ಕೋಲ್ಟರ್ ಫೆರಿಯ ಮೈದಾನದಲ್ಲಿ ಅವನಿಗೆ ಚೆಂಡು ಕೊಡುತ್ತಿದ್ದ ಹುಡುಗ ಟೆಡ್ಡಿ, ವಿಯೆಟ್ನಾಮಿಗೆ ಹೋದವನು ಪೆಟ್ಟಿಗೆಯಲ್ಲಿ ಬಂದ, ಪೆಟ್ಟಿಗೆಯ ಒಂದು ಮೂಲೆಗೆ ಡೇನ್ ಹೆಗಲು ಕೊಟ್ಟಿದ್ದ, ಆ ಕಥೆಯನ್ನು ಬಸ್ಸಿನಲ್ಲಿ ಎಮಿಲ್‌ಗೆ ಅವನೇ ಹೇಳಿದ್ದ. ನದಿಯ ಕಡೆ. ಆ ಕ್ರೀಡಾಂಗಣದ ಬಳಿ ನದಿಯೇ ಇರಲಿಲ್ಲ. ಆಗ ಎಮಿಲ್ ಕೈಯೆತ್ತಬೇಕಿತ್ತು. ಅಂಚಿನಲ್ಲಿ ನಿಂತ, ಗಾಯ ನೋಡಿಕೊಳ್ಳುವ ಟ್ರೈನರ್ ಗಸ್‌ಗೆ ಇಷ್ಟು ಸನ್ನೆ ಮಾಡಿದ್ದರೆ ಮುಗಿದುಹೋಗುತ್ತಿತ್ತು, ಇವನು ಇಲ್ಲಿಲ್ಲ, ಕರ್ಕೊಂಡ್ಹೋಗಿ. ಕೈಯೆತ್ತಿದರೆ ಆಟ ಹೋಯಿತು, ಕಾದು ಕೂತ ಎರಡನೇ ಕ್ವಾರ್ಟರ್‌ಬ್ಯಾಕ್ ಹಾಲುಗಲ್ಲದವನು, ಮತ್ತು ಕೈಯೆತ್ತಿದರೆ ಎಲ್ಲರೂ ಕೇಳುತ್ತಾರೆ, ಅರವತ್ತಾರು ಯಾರ ಪಕ್ಕದಿಂದ ಒಳಗೆ ಬಂದ? — ಅದೇ, ಅದೇ ಮೊದಲು ಬಂದದ್ದು ಮನಸ್ಸಿಗೆ, ಗೆಲುವಲ್ಲ, ತಂಡವಲ್ಲ. ಹ್ಞೂಂ ಡೇನ್, ಅಂದ ಎಮಿಲ್, ಸತ್ತ ಹುಡುಗನ ಪರವಾಗಿ, ನಾನಿದೀನಿ. ಆಮೇಲೆ ಅವನ ಹೆಲ್ಮೆಟ್ಟಿನ ಕಿವಿಯ ತೂತಿಗೆ ಬಾಯಿಟ್ಟು ಆಟದ ಹೆಸರು ಹೇಳಿಕೊಟ್ಟ, ಡೇನ್ ಗುಂಪಿನ ಕಡೆ ತಿರುಗಿ ಅದನ್ನೇ ಹೇಳಿದ, ಅದೇ ದನಿಯಲ್ಲಿ, ಉಪ್ಪು ಕೊಡಪ್ಪಾ ಅನ್ನುವ ದನಿಯಲ್ಲಿ, ಒಂದು ಕೂದಲೆಳೆಯೂ ನಡುಗದೆ, ಒಂಬತ್ತು ಜನರ ಭಯ ಕೂತುಬಿಟ್ಟಿತು, ಎಮಿಲ್‌ನದು ಮಾತ್ರ ಎದ್ದು ನಿಂತಿತು, ಯಾಕೆಂದರೆ ಆ ದನಿಯೊಳಗೆ ಯಾರೂ ಇರಲಿಲ್ಲ. ಮನೆಯವರೆಲ್ಲ ಎದ್ದುಹೋದ ಮೇಲೂ ಒಳಗೆ ರೇಡಿಯೋ ಹಾಡುತ್ತಲೇ ಇರುವ ಹಾಗೆ. ನೀಲಿ ಮೂವತ್ತೆರಡು, ಬೆನ್ನ ಹಿಂದಿನಿಂದ, ಹಟ್. ಹೀಗೆ ಏಳು ಸಲ. ಮೂರನೆಯದಾದ ಮೇಲೆ ಒಂದು ಗಳಿಗೆ ಆಟ ನಿಲ್ಲಿಸಿದರು, ಗಸ್ ಓಡಿ ಬಂದ, ಡೇನ್ ನನ್ನ ನೋಡಪ್ಪಾ, ಎಷ್ಟು ಬೆರಳು ಹೇಳು, ಅಂದ, ಎಮಿಲ್ ಡೇನ್‌ನ ಹಿಂದೆಯೇ ನಿಂತಿದ್ದ, ಗೆಳೆಯನ ಬೆನ್ನ ಮೇಲೆ ಕೈಯಿಟ್ಟವನಂತೆ ಕೈಯಿಟ್ಟಿದ್ದ, ಎರಡು ಸಲ ಒತ್ತಿದ. ಎರಡು, ಅಂದ ಡೇನ್. ಈಗ? ಮೂರು ಸಲ ಒತ್ತಿದ. ಮೂರು. ಗಸ್ ನಕ್ಕು ಅವನ ಹೆಲ್ಮೆಟ್ಟಿಗೆ ತಟ್ಟಿದ, ಹೋಗೋ ಗಟ್ಟಿಗ, ಹೋಗು. ಏಳನೆಯ ಆಟದಲ್ಲಿ ತೋಳು ತಾನೇ ಎದ್ದಿತಂತೆ, ಮೂಲೆಯಲ್ಲಿ ಓಡುತ್ತಿದ್ದವನ ಎದೆಗೇ ಹೋಗಿ ಬಿತ್ತಂತೆ ಚೆಂಡು, ಎಮಿಲ್ ನೆಲದ ಮೇಲೆ ಮುಖವಿಟ್ಟು ಕೇಳಿದ್ದು ಸದ್ದನ್ನಷ್ಟೇ, ಅಷ್ಟು ಎತ್ತರದ ಸದ್ದು ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಗೆದ್ದ ಮೇಲೆ ಡೇನ್ ನಿಧಾನವಾಗಿ ನಡೆದುಹೋಗಿ ಸೋತವರ ಬೆಂಚಿನ ಮೇಲೆ ಕೂತ. ಅವರ ನಡುವೆ, ಅವರದೇ ನೀರು ಕುಡಿಯುತ್ತಾ. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅದೇ ಫೋಟೋ, ಗೆದ್ದ ಕ್ಷಣದಲ್ಲಿ ಸೋತವರನ್ನು ಸಂತೈಸಲು ಹೋದ ಮಹಾನುಭಾವ. ಅವನು ಬೆಂಚು ತಪ್ಪಿದ್ದ ಅಷ್ಟೇ.

ಎಮಿಲ್, ಸಿಕ್ತು ಕಣೋ ಬೂಟು, ಅವನನ್ನ ಕೆಳಗೆ ಕರ್ಕೊಂಡ್ ಬಾ, ಕೆಳಗಿನಿಂದ ಮಾರ್ಲೀನ್. ಮೆಟ್ಟಿಲು, ಒಂದೊಂದೇ, ಡೇನ್‌ನ ಕೈ ಎಮಿಲ್‌ನ ಭುಜದ ಮೇಲೆ. ಅಡುಗೆಮನೆಯಲ್ಲಿ ಈರುಳ್ಳಿ, ಬೆಣ್ಣೆ, ಎಲೆಕೋಸು ಬೇಯುವ ವಾಸನೆ, ಮಾರ್ಲೀನ್ ಗಂಡನನ್ನು ಕಿಟಕಿಯ ಬಳಿ ಕೂರಿಸಿ, ಮಂಡಿಯೂರಿ ಬೂಟು ತೊಡಿಸಿ, ಎದುರಿಗೆ ತಟ್ಟೆಯಿಟ್ಟಳು, ಅವನು ಚಮಚವನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಎಲ್ಲಿ, ನಿನ್ನ ಭಾಷಣ ತೋರಿಸು, ಅಂದಳು, ಅಳಿಸೋ ಅಂಥಾದ್ದೇನಾದ್ರೂ ಇದ್ರೆ ಈಗ್ಲೇ ಅತ್ತುಬಿಡ್ತೀನಿ, ಅಲ್ಲಿ ಮೇಯರ್ ಮುಂದೆ ಮೂಗು ಸೀಟೋಕಾಗಲ್ಲ. ಓದಿದಳು. ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಚೆನ್ನಾಗಿದೆ, ಆದ್ರೆ ಆ ಏಳು ಆಟದ ಬಗ್ಗೆ ಏನೂ ಇಲ್ವಲ್ಲೋ, ಜನ ಬರೋದೇ ಅದಕ್ಕೆ. ಇಲ್ಲ, ಅಂದ ಎಮಿಲ್. ಯಾಕೆ? ಮರೆತೋಯ್ತು. ಮೂವತ್ತೆಂಟು ವರ್ಷದಿಂದ ನೀನು ಅದನ್ನ ಮರೀತಾನೇ ಇದೀಯ, ಅಂದಳು ಮಾರ್ಲೀನ್, ಪ್ರತಿ ಕ್ರಿಸ್‌ಮಸ್‌ಗೂ ಬರ್ತೀಯ, ಪ್ರತಿ ಸಲಾನೂ ಯಾರಾದ್ರೂ ಅದರ ಮಾತು ತೆಗೆದ ತಕ್ಷಣ ಹಿಮ ಗುಡಿಸ್ತೀನಿ ಅಂತ ಆಚೆಗೆ ಹೋಗ್ತೀಯ, ಹಿಮ ಬಿದ್ದಿರಲ್ಲ ಏನಿಲ್ಲ. ಈಗ ಹಿಮವೂ ಇಲ್ಲ ಪೊರಕೆಯೂ ಇಲ್ಲ, ಮೇಜಿನ ಅಂಚು ಮಾತ್ರ ಇದೆ, ಎಮಿಲ್ ಅದನ್ನೇ ಹಿಡಿದ, ಹೇಳಿದ. ಎಡಕ್ಕಿಟ್ಟ ಹೆಜ್ಜೆ. ಟೆಡ್ಡಿ. ಕಣ್ಣಿನ ಪಾಪೆ. ಬೆನ್ನ ಮೇಲಿನ ಬೆರಳುಗಳನ್ನು ಹೇಳುವಾಗ ತನ್ನ ಬೆರಳು ತಾನೇ ಮೇಜನ್ನು ಒತ್ತುತ್ತಿದ್ದದ್ದು ಕಂಡು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅವನು ಆಡಿದ್ದಲ್ಲ ಮಾರ್ಲೀನ್, ನಾನು ಆಡಿಸಿದ್ದು. ನನ್ನ ಹೆಜ್ಜೆ ಮುಚ್ಕೊಳ್ಳೋಕೆ. ಅವನು ಹೀಗಾಗಿದ್ದು —

ಅದೊಂದೇ ಏಟಿಂದ ಆಗಲಿಲ್ಲ ಇದು, ಡಾಕ್ಟರು ಹೇಳಿದಾರೆ, ನೂರಾರು ಏಟು, ಅಂದಳು ಅವಳು, ಮತ್ತೆ ತಕ್ಷಣ, ನಿನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ. ಎಲೆಕೋಸಿನ ಪಾತ್ರೆಯ ಮುಚ್ಚಳ ತಟತಟ ಅನ್ನುತ್ತದೆ, ಅವಳು ಎದ್ದು ಒಲೆ ಆರಿಸಲಿಲ್ಲ. ಬೈಯಲಿ. ತಟ್ಟೆ ಎತ್ತಿ ಎಸೆಯಲಿ. ಮೂವತ್ತೆಂಟು ವರ್ಷದಿಂದ ಎಮಿಲ್ ಕಾದಿರುವುದು ಆ ತಟ್ಟೆಗಾಗಿ. ಅವನು ಆ ಬೆಂಚ್ ಮೇಲೆ ಹೋಗಿ ಕೂತಾಗಲೇ ನಂಗೆ ಗೊತ್ತಾಯ್ತು, ಅಂದಳು ಮಾರ್ಲೀನ್. ಹದಿಮೂರನೇ ಸಾಲಲ್ಲಿ ಕೂತಿದ್ದೆ, ಅವನ ನಡಿಗೆ ನಂಗೊತ್ತಿಲ್ವೇನೋ? ಪಕ್ಕದಲ್ಲಿದ್ದೋಳು, ಅಯ್ಯೋ ನೋಡ್ರೀ ಎಂಥಾ ಮನಸ್ಸು ನಿಮ್ ಯಜಮಾನ್ರದ್ದು ಅಂದ್ಲು. ಹೌದು ಅಂದೆ. ಮನೆಗೆ ಬಂದು, ಅಮ್ಮ ಯಾವಾಗ ಬರ್ತಾಳೆ ಅಂತ ಕೇಳ್ದ. ಅವರಮ್ಮ ತೀರ್ಕೊಂಡು ಆರು ವರ್ಷ ಆಗಿತ್ತು. ನಾಳೆ ಬರ್ತಾರೆ, ಮಲಗು ಅಂದೆ. ಬೆಳಿಗ್ಗೆ ಪತ್ರಿಕೆ ನೋಡ್ದೆ, ಆ ಫೋಟೋ, ಊರಿಗೆ ಊರೇ ಫೋನ್ ಮಾಡ್ತಿತ್ತು, ಯಾರಿಗೆ ಏನಂತ ಹೇಳ್ಲಿ? ಎರಡು ದಿನ ಬಿಟ್ಟು ಅಭ್ಯಾಸಕ್ಕೆ ಹೊರಟ, ದಾರಿ ಗೊತ್ತಾಗ್ತಿರ್ಲಿಲ್ಲ ಅವನಿಗೆ. ನಾನೇ ಕಾರಲ್ಲಿ ಕೂರಿಸ್ಕೊಂಡ್ಹೋಗಿ ಬಿಟ್ಟು ಬಂದೆ. ಕೈ ಬೀಸಿದೆ ಕಣೋ ಎಮಿಲ್, ಬಾಗಿಲ ಹತ್ರ ನಿಂತು ಕೈ ಬೀಸಿದೆ. ಇಷ್ಟು ವರ್ಷ ಎಮಿಲ್ ತನ್ನೊಬ್ಬನದೇ ಎಂದುಕೊಂಡಿದ್ದ ಹೊರೆಯ ಇನ್ನೊಂದು ತುದಿಯನ್ನು ಈ ಮನೆಯಲ್ಲಿ ಇವಳು ಹೊತ್ತು ನಿಂತಿದ್ದಳೇ, ಕ್ರಿಸ್‌ಮಸ್ ಕ್ರಿಸ್‌ಮಸ್‌ಗೂ ಎದುರುಬದುರು ಕೂತು ರೊಟ್ಟಿ ಮುರಿದರೂ — ಡೇನ್ ಚಮಚದಲ್ಲಿ ತನ್ನ ಮುಖ ನೋಡಿಕೊಂಡು ನಕ್ಕ. ಹೇಳು ಇವತ್ತು, ಅಂದಳು ಮಾರ್ಲೀನ್, ಕಾಗದ ಬಿಟ್ಟು ಹೇಳು. ಆಡೋ ಹುಡುಗ್ರು ಬಂದಿರ್ತಾರೆ, ಅವರ ಅಮ್ಮಂದಿರೂ ಬಂದಿರ್ತಾರೆ. ನನ್ನ ಹೆಸರೂ ಹೇಳು ಬೇಕಾದ್ರೆ.

ಮೂವರೂ ಕಾರು ಹತ್ತಿದರು. ಮುಚ್ಚಿದ ಉಕ್ಕಿನ ಕಾರ್ಖಾನೆ, ಸೇತುವೆ, ಕೆಳಗೆ ಬೂದು ನದಿ, ನದೀ ಕಡೆ ಓಡಿಸೋಣ ಟೆಡ್ಡಿ — ಶಾಲೆಯ ಮೈದಾನದ ಆ ಬದಿಗೆ ನಿಜಕ್ಕೂ ನದಿಯಿದೆ, ಎಮಿಲ್ ಇದುವರೆಗೆ ಗಮನಿಸಿಯೇ ಇರಲಿಲ್ಲ. ಊರೆಲ್ಲ ಬಂದಿದೆ, ದಪ್ಪ ಕೋಟು, ಟೋಪಿ, ಬಾಯಿಂದ ಹಬೆ, ಶಾಲೆಯ ತಂಡ ಜರ್ಸಿ ತೊಟ್ಟು ಸಾಲಾಗಿ ನಿಂತಿದೆ, ಬಟ್ಟೆ ಎಳೆದರು, ಕಂಚಿನ ಡೇನ್ ತೋಳೆತ್ತಿ ನಿಂತ, ಎರಡು ಕಣ್ಣೂ ಒಂದೇ ಅಳತೆ. ಎಮಿಲ್ ಮೈಕಿನ ಮುಂದೆ ಬಂದ, ಕಾಗದ ತೆಗೆಯಲಿಲ್ಲ. ಆ ಏಳು ಆಟ ಅವನು ಆಡಿದ್ದಲ್ಲ, ಅಂದ. ಅವನಿಗೆ ತಾನು ಎಲ್ಲಿದೀನಿ ಅಂತಾನೇ ಗೊತ್ತಿರ್ಲಿಲ್ಲ, ನನ್ನನ್ನ ಸತ್ತುಹೋದ ಹುಡುಗನ ಹೆಸರಿಂದ ಕರೆದ, ಆಟದ ಹೆಸರು ನಾನು ಹೇಳ್ಕೊಟ್ಟೆ, ಅವನು ಒಪ್ಪಿಸ್ದ. ಟ್ರೈನರ್ ಬೆರಳು ತೋರಿಸಿದಾಗ ಬೆನ್ನ ಮೇಲೆ ಒತ್ತಿ ಉತ್ತರ ಹೇಳ್ಕೊಟ್ಟೋನು ನಾನು. ನನ್ನ ತಪ್ಪಿಗೆ ಅವನು ಏಟು ತಿಂದ, ಎದ್ದು ನನ್ ತಪ್ಪು ಅಂದ, ಅವನು ಪೂರ್ತಿ ಅವನಾಗಿದ್ದು ಆಡಿದ ಕೊನೇ ಮಾತು ಅದು. ಅವನನ್ನ ಆಚೆ ಕಳಿಸ್ಬೇಕಿತ್ತು. ನಾನು ಕಳಿಸ್ಲಿಲ್ಲ. ಮಾರ್ಲೀನಳ ಹೆಸರನ್ನು ಅವನು ಎತ್ತಲಿಲ್ಲ. ಸದ್ದಿಲ್ಲ. ಎಪ್ಪತ್ತು ಸಾವಿರ ಜನರ ಕೂಗನ್ನು ಅಳೆದ ಕಿವಿಗೆ ಈ ಮೌನದ ಎತ್ತರ ಸಿಗುವುದಿಲ್ಲ. ಈಗ ಬರುತ್ತದೆ, ಯಾರಾದರೂ ಥೂ ಅನ್ನುತ್ತಾರೆ, ಅನ್ನಲಿ, ಅಂದರೆ ಸಾಕು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೂಗಿದ, ಕಣ್ಣೇ ಕಾಣ್ದೆ ಗೆಲ್ಸಿದ್ನಲ್ರೋ! ಪ್ರಜ್ಞೆ ಇಲ್ದೇನೇ ಗೆಲ್ಸಿದ್ನಲ್ರೋ ನಮ್ಮನ್ನ! ಯಾರೋ ಚಪ್ಪಾಳೆ ಶುರುಮಾಡಿದರು. ಶಾಲೆಯ ಕೋಚ್ ಕಣ್ಣೊರೆಸಿಕೊಂಡು ತನ್ನ ತಂಡದ ಕಡೆ ತಿರುಗಿದ, ಕೇಳಿದ್ರೇನ್ರೋ, ಅದು, ಅದು ಕ್ವಾರ್ಟರ್‌ಬ್ಯಾಕ್ ಅಂದ್ರೆ. ಅಲ್ಲ, ಅಂದ ಎಮಿಲ್, ಅಲ್ಲ, ನಾನು ಹೇಳಿದ್ದು ಅದಲ್ಲ, ಆದರೆ ಮೇಯರ್ ಅವನನ್ನು ತಬ್ಬಿಕೊಂಡು ಮೈಕಿನಿಂದ ಸರಿಸುತ್ತಿದ್ದಳು, ಇಡೀ ಮೈದಾನ ಎದ್ದು ನಿಂತು ತಟ್ಟುತ್ತಿತ್ತು, ಉಣ್ಣೆಯ ಕೈಗವಸುಗಳೊಳಗಿನ ಸಾವಿರ ಕೈಗಳು, ಧಪ್ ಧಪ್ ಎಂದು ಎಲ್ಲೋ ಹಿಮ ಉದುರಿದ ಹಾಗೆ, ಮೊದಲ ಸಾಲಿನಲ್ಲಿ ಮಾರ್ಲೀನ್ ತನ್ನ ಎರಡು ಕೈಗಳನ್ನೂ ತೊಡೆಯ ನಡುವೆ ಒತ್ತಿ ಹಿಡಿದು ಕೂತಿದ್ದಾಳೆ, ಅವಳ ಪಕ್ಕದಲ್ಲಿ ಡೇನ್, ಗವಸುಗಳನ್ನು ಕಿತ್ತು ಕಾಲ ಬಳಿ ಬಿಸಾಕಿದ್ದಾನೆ, ಜನ ತಟ್ಟುವುದನ್ನು ಅತ್ತ ನೋಡಿದ, ಇತ್ತ ನೋಡಿದ, ಖುಷಿಯಾಯಿತು ಅವನಿಗೆ, ತಾನೂ ತಟ್ಟತೊಡಗಿದ, ಬರಿಗೈ, ಕೆಂಪಾದ ಅಂಗೈ, ಆ ಇಡೀ ಮೈದಾನದಲ್ಲಿ ಚಪ್ಪಾಳೆಯ ಸದ್ದು ಬರುತ್ತಿದ್ದದ್ದು ಅವೆರಡು ಕೈಗಳಿಂದ ಮಾತ್ರ, ಟಪ್, ಟಪ್, ಎಮಿಲ್‌ನನ್ನೇ ನೋಡುತ್ತಾ, ಅಪರಿಚಿತನೊಬ್ಬನಿಗೆ ಏನೋ ಒಳ್ಳೆಯದಾಗಿದೆ ಎನ್ನುವ ಸಂತೋಷದಲ್ಲಿ, ಟಪ್, ಜನ ಕೂತ ಮೇಲೂ, ಮಾರ್ಲೀನ್ ಅವನ ಮಣಿಕಟ್ಟು ಹಿಡಿಯಲು ಹೋದ ಮೇಲೂ, ಬರಿಗೈ, ಟಪ್, ಬರಿಗೈ, ಕೆಂಪಗೆ, ಟಪ್